ಬೆರ್ಚಪ್ಪನಿಗೆ ಬಡ್ತಿ

ಮರಿಸಿದ್ದಮ್ಮನ ಜೋಳದ ಹೊಲಕ್ಕೆ ಗಿಳಿ ಓಡಿಸುವ ಯಂತ್ರ ಬಂದ ದಿನ, ಅಲ್ಲಿ ಕಾವಲಿದ್ದ ಬೆದರುಬೊಂಬೆ ಬೆರ್ಚಪ್ಪನ ಎದೆಯೊಳಗಿನ ಹುಲ್ಲು ಝಲ್ಲೆಂದಿತು.

"ಢಂ!" ಎಂದಿತು ಯಂತ್ರ. ಗಿಳಿಗಳು ದಿಕ್ಕಾಪಾಲಾದವು. "ನೋಡಿದೆಯಾ? ಇನ್ನು ನಿನಗಿಲ್ಲಿ ಕೆಲಸವಿಲ್ಲ. ಹೊರಡು."

"ಹೊರಡಲು ಕಾಲೆಲ್ಲಿದೆ ಸ್ವಾಮಿ? ಇರುವುದೊಂದು ಕೋಲು" ಎಂದ ಬೆರ್ಚಪ್ಪ.

ಅಷ್ಟರಲ್ಲಿ ಮರಿಸಿದ್ದಮ್ಮ ಬಂದು ಅವನನ್ನು ಕಿತ್ತೇಬಿಟ್ಟಳು. ಇನ್ನು ಒಲೆಯೇ ಗತಿ ಎಂದುಕೊಂಡ. ಅವಳೋ ಹೊಸ ಅಂಗಿ ತೊಡಿಸಿ, ಇದ್ದಿಲಿನಲ್ಲಿ ಮೀಸೆ ತೀಡಿ, ಅವನನ್ನು ಯಂತ್ರದ ನೆತ್ತಿಯ ಮೇಲೇ ಕಟ್ಟಿದಳು. "ಊರೋರ ಕಣ್ಣೆಲ್ಲ ಈ ಮಿಷನ್ ಮೇಲೇ ಬಿದ್ದದೆ. ದೃಷ್ಟಿ ಆಗದಂಗೆ ನೋಡ್ಕೊಳಪ್ಪಾ!"

"ಏಯ್, ಇಳಿ ಕೆಳಗೆ!" ಯಂತ್ರ ಗುಡುಗಿತು.

ಬೆರ್ಚಪ್ಪ ಮೀಸೆ ಕುಣಿಸಿದ. "ಸುಮ್ಮನಿರಯ್ಯಾ. ಜೋಳ ಕಾಯುವವನು ನೀನು, ನಿನ್ನನ್ನು ಕಾಯುವವನು ನಾನು. ಎಲ್ಲಿ, ಇನ್ನೊಂದು ಸಲ ಢಂ ಅನ್ನು ನೋಡೋಣ!"