ಮೆತ್ತಗಿದ್ದ ಮೀನು

ಅಂದು ಅರಮನೆಯಲ್ಲಿ ಎಂದಿನಂಥ ಬೆಳಗು. ರುಚಿ ನೋಡುವ ಕೆಲಸದ ಕೆಂಚ ಅರಸನ ಕಡುಬಿನ ಒಂದು ಚೂರು ತಿಂದು, ಬದುಕಿದ್ದೇನೆಂದು ತೋರಿಸಲು ಸ್ವಲ್ಪ ಹೊತ್ತು ನಿಂತು, ತಟ್ಟೆಯನ್ನು ಒಳಗೆ ಕಳಿಸಿದ. ಆಗ ಡಂಗುರ ಕೇಳಿಸಿತು.

“ಕೇಳಿರಪ್ಪೋ! ರಾಜಕುಮಾರಿ ಪದುಮಲೆಯ ನಾಯಿ ಗೆಜ್ಜೆ ಅನ್ನನೀರು ಬಿಟ್ಟಿದೆ. ವೈದ್ಯರಿಗೆ ಕಾರಣ ತಿಳಿದಿಲ್ಲ. ಕಾರಣ ತಿಳಿಯಲು ರಾಜಕುಮಾರಿ ಕೇಳುವ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ನಾಳೆ ಹೋಗುತ್ತದೆ!”

ದಂಡನಾಯಕನ ಮಗ ರಣಮಲ್ಲ ಮೊದಲು ಬಂದ.

“ಇಡೀ ದಿನ ಅಗಿದರೂ ಮುಗಿಯದ್ದು ಯಾವುದು?” ಎಂದಳು ಪದುಮಲೆ.

“ಎಲೆಯಡಿಕೆ!” ಎಂದ ಅವನು, ಜಗಿಯುತ್ತಲೇ.

“ನಿನ್ನ ಬಾಯಲ್ಲೇ ಮುಗಿಯುತ್ತಾ ಬಂತಲ್ಲೋ. ಕರೆದುಕೊಂಡು ಹೋಗಿ.”

ಆಸ್ಥಾನದ ಪಂಡಿತರೊಬ್ಬರು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಮೀನನ್ನು ಕಂಡು “ನಾಯಿಯ ಆಟಿಕೆ” ಎಂದು ಮೊದಲನೆಯದನ್ನು ಗೆದ್ದರು. ಅವಳು ಎರಡನೆಯದನ್ನು ಕೇಳಿದಳು: “ಈ ಮನೆಯಲ್ಲಿ ಯಾರೂ ರುಚಿ ನೋಡದೆ ಒಳಗೆ ಹೋಗುವುದು ಯಾವುದು?”

“ಉಸಿರು, ತಾಯಿ.”

“ಉಸಿರು ಎಲ್ಲರೊಳಗೂ ಹೋಗುತ್ತದೆ. ಮಲಗಿರುವುದು ಗೆಜ್ಜೆಯೊಂದೇ.”

ಪಂಡಿತರೂ ಸೆರೆಮನೆಗೆ ಹೋದರು.

ಕೆಂಚ ಬಂದಾಗ ಕಾವಲುಗಾರ ನಕ್ಕ. “ನಿನಗೆ ದಿನಾ ಸಾಯೋ ಕೆಲಸ ಸಾಲದೇನೋ?” ಕೆಂಚ ನೇರ ಗೆಜ್ಜೆಯ ಬಳಿಗೆ ಹೋದ. ಪ್ರತಿ ಬೆಳಗ್ಗೆ ತನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಿದ್ದ ನಾಯಿ ಈಗ ತಲೆ ಎತ್ತಲಿಲ್ಲ.

ಮೊದಲ ಎರಡಕ್ಕೂ ಅವನದು ಒಂದೇ ಉತ್ತರ. “ಆಟಿಕೆಯಮ್ಮ. ಊಟವಲ್ಲ ಅಂತ ನಾವು ಅದನ್ನು ನೋಡಲೇ ಇಲ್ಲ.”

ಪದುಮಲೆ ಮೀನನ್ನು ಅವನ ಕೈಗಿಟ್ಟಳು. ಅದು ಮರದ ತುಂಡಿನಂತಿತ್ತು. “ಕೊಂಡಾಗ ಬೆಣ್ಣೆಯಂತಿತ್ತು. ಮೂರನೆಯದು ಕೇಳು: ಆ ಮೆದುತನ ಎಲ್ಲಿಗೆ ಹೋಯಿತು?”

“ಇದರ ಜೋಡಿ ಇದೆಯಾ?”

ಇತ್ತು. ಬಳಸದ ಇನ್ನೊಂದು ಮೀನು ಅರಗು ಬಳಿದ ಪೆಟ್ಟಿಗೆಯ ಮೇಲಿತ್ತು. ಕೆಂಚ ಎತ್ತಿದ, ಬರಲಿಲ್ಲ. ಎಳೆದಾಗ ಮೀನಿನ ಆಕಾರದಲ್ಲಿ ಮೆತ್ತಗಾದ ಅರಗೂ ಕಿತ್ತು ಬಂತು.

“ಇದರಿಂದ ಏನೋ ಹೊರಗೆ ಬರುತ್ತಿದೆ,” ಎಂದ ಕೆಂಚ. “ಪೆಟ್ಟಿಗೆಯ ಮೇಲಿಟ್ಟರೆ ಪೆಟ್ಟಿಗೆಗೆ. ಅಗಿದರೆ...”

ಅವನು ಗೆಜ್ಜೆಯನ್ನು ನೋಡಿದ.

ಅರಸ ಮೀನು ಮಾರಿದ ವರ್ತಕನನ್ನು ಕರೆಸಿದ. “ಪ್ಲಾಸ್ಟಿಕ್ಕು ಬಾಗಲಿ ಅಂತ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ, ಪ್ರಭು,” ಎಂದ ಅವನು. “ಅದು ಒಳಗೇ ನಿಲ್ಲುವುದಿಲ್ಲ, ಜೊಲ್ಲು ತಾಗಿದರೆ ಬಿಟ್ಟುಕೊಳ್ಳುತ್ತದೆ. ಮಕ್ಕಳ ಆಟಿಕೆಗೆ ಹಾಕುವುದಿಲ್ಲ. ಇದು ನಾಯಿಯದಲ್ಲವೇ?”

ಪದುಮಲೆ ಎರಡೂ ಮೀನುಗಳನ್ನು ಅವನ ಮಡಿಲಿಗೆ ಹಾಕಿದಳು. ಇನ್ನು ಮೇಲೆ ಪ್ರಾಣಿಗಳ ಬಾಯಿಗೆ ಹೋಗುವುದನ್ನೂ ಪರೀಕ್ಷಿಸಬೇಕೆಂದು ಅರಸ ಕಟ್ಟಳೆ ಮಾಡಿದ.

“ನಿನಗೇನು ಬೇಕು, ಕೆಂಚ?”

“ಸೆರೆಯಲ್ಲಿರುವ ಇಬ್ಬರ ತಲೆ, ಪ್ರಭು.”

ಸಭೆ ಬೆಚ್ಚಿತು.

“ಅವರವರ ಹೆಗಲ ಮೇಲೆಯೇ ಇರಲಿ.”

ಅರಸ ನಕ್ಕು ಇಬ್ಬರನ್ನೂ ಬಿಡಿಸಿ, ಕೆಂಚನನ್ನು ಪ್ರಾಣಿಶಾಲೆಯ ಅಧಿಕಾರಿ ಮಾಡಿದ.

ಮೂರನೆಯ ದಿನ ಸಂಜೆ ಗೆಜ್ಜೆ ಎರಡು ಗುಟುಕು ಗಂಜಿ ಕುಡಿಯಿತು.