ಕೆಂಡಗಣ್ಣನ ಕತ್ತಲೆಗಣ್ಣು

ಒಬ್ಬಳು ತಾಯಿ, ಅವಳಿಗೊಬ್ಬ ಮಗ, ಇಬ್ಬರಿಗೂ ಸೇರಿ ಮೂರೆಕರೆ ಮುಸುಕಿನ ಜೋಳ. ಇಷ್ಟೇ ಆಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಹೊಲದಾಚೆ ಕಾಡಿತ್ತು, ಕಾಡಿನಲ್ಲಿ ಹಂದಿಗಳಿದ್ದವು, ಊರಲ್ಲಿ ನಾನಿದ್ದೆ. ಇಪ್ಪತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ, ನಿವೃತ್ತನಾಗಿ, ಬಾಯಿತುಂಬ ಬುದ್ಧಿಮಾತು ಇಟ್ಟುಕೊಂಡು, ಕೇಳುವವರಿಲ್ಲದೆ ಜಗಲಿ ಮೇಲೆ ಕೂತಿದ್ದವನು. ಹಂದಿಗಿಂತ ನಾನೇ ಅಪಾಯ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

ತಾಯಿ ರಾಚಮ್ಮ. ಮಗ ಕೆಂಡಗಣ್ಣ. ಹೆಸರಿಗೆ ಕೆಂಡಗಣ್ಣ, ಕಣ್ಣಲ್ಲಿ ಕೆಂಡವಿಲ್ಲ, ತಲೆಯಲ್ಲಿ ಕಿಡಿಯಿಲ್ಲ. ವಯಸ್ಸು ಇಪ್ಪತ್ತಾರು. ಹೇಳಿದ ಮಾತು ಮೀರುವವನೇ ಅಲ್ಲ, ಅದೇ ತಾಪತ್ರಯ! "ಅನ್ನ ಉಕ್ಕುತ್ತೆ, ನೋಡ್ತಿರು ಮಗ" ಅಂತ ಹೇಳಿ ತಾಯಿ ನೀರಿಗೆ ಹೋದರೆ, ಇವನು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಉಕ್ಕಿತು, ನೋಡಿದ. ಒಲೆ ಆರಿತು, ನೋಡಿದ.

"ಉಕ್ತು ಕಣವ್ವ! ಚೆನ್ನಾಗಿ ಉಕ್ತು!"

"ಇವನನ್ನ ಹೆತ್ತ ಹೊಟ್ಟೆಗೆ ಏನು ಹೇಳ್ಲಿ ಮೇಷ್ಟ್ರೇ!" ಅಂತ ರಾಚಮ್ಮ ನನ್ನ ಜಗಲಿಗೆ ಬಂದು ಅಳುತ್ತಿದ್ದಳು.

ಒಂದು ವಿದ್ಯೆ ಮಾತ್ರ ಅವನಿಗೆ ಒಲಿದಿತ್ತು: ಗುರಿ. ಅಪ್ಪನ ರೈಫಲ್ ಮಗನ ಹೆಸರಿಗೆ ಬಂದಿತ್ತು. ಬೆಳೆ ಕಾಯುವ ಪರವಾನಗಿ, ಹಂದಿ ಹೊಡೆಯುವ ಅನುಮತಿ, ಎಲ್ಲ ಕಾಗದವೂ ಸರಿಯಾಗಿತ್ತು. ಗೊಂಚಲಲ್ಲಿ ಇಂಥದೇ ಹುಣಸೆಕಾಯಿ ಅಂದರೆ ಅದೇ ಬೀಳುತ್ತಿತ್ತು. ಆದರೆ ಹಂದಿ ಹಗಲು ಬರಬೇಕಲ್ಲ! ಅವು ಬರುವುದು ಕತ್ತಲಲ್ಲಿ. ಹಾಗಾಗಿ ಗಂಡ ಹೋದ ಮೇಲೆ ಮೂರು ಬೆಳೆ ರಾಚಮ್ಮನೇ ಅಟ್ಟಣೆ ಹತ್ತಿ ಬೆಳಗಿನ ತನಕ "ಹೋಯ್! ಹೋಯ್!" ಅಂತ ಕೂಗಿ ಹೊಲ ಕಾದಳು. ಹಂದಿಗಳು ಆ ದನಿಗೆ ಹೆದರುತ್ತಿದ್ದದ್ದು ನಿಜ. ಕೂಗಿ ಕೂಗಿ ಅವಳ ಗಂಟಲು ಹರಿದ ತಮಟೆಯ ಹಾಗಾಗಿತ್ತು.

"ಮೇಷ್ಟ್ರೇ, ತೆನೆ ಬಲಿಯೋಕೆ ಇನ್ನೂ ಒಂದು ತಿಂಗಳದೆ. ನನಗೆ ಒಂದೇ ಒಂದು ರಾತ್ರಿ ಚಾಪೆ ಮೇಲೆ ಕಾಲು ನೀಡಿ ಮಲಗ್ಬೇಕು ಅಂತ ಆಸೆ. ಹೊಲಾನೂ ಉಳೀಬೇಕು, ನಿದ್ದೇನೂ ಬರ್ಬೇಕು. ಏನಾರ ಉಪಾಯ ಅದಾ?"

ಉಪಾಯ! ಆ ಮಾತು ಕೇಳಿ ನನಗೆ ಹಬ್ಬವಾಯಿತು. ಬೆಂಗಳೂರಿನ ಒಂದು ಅಂಗಡಿಯಿಂದ ಒಂದು ಸಾಧನ ತರಿಸಿದೆ. ಬಂದೂಕಿನ ಮೇಲಿನ ದುರ್ಬೀನಿನ ಹಿಂದಕ್ಕೆ ಬಳೆಯಂಥ ಪಟ್ಟಿ ತೊಡಿಸಿ ಸಿಕ್ಕಿಸಿದರೆ ಆಯಿತು. ನಮ್ಮ ಕಣ್ಣಿಗೂ ಹಂದಿಯ ಕಣ್ಣಿಗೂ ಕಾಣದ ಬೆಳಕೊಂದನ್ನು ಬಿಡುತ್ತದೆ. ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ ಕಗ್ಗತ್ತಲ ಹೊಲವೆಲ್ಲ ಹಳೇ ಸಿನಿಮಾದ ಹಾಗೆ ಕಪ್ಪುಬಿಳುಪಾಗಿ ಮೂಡುತ್ತದೆ. ಅವರಿಬ್ಬರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಪಾಠ ಮಾಡಿದೆ. ರಾಚಮ್ಮ ತೂಕಡಿಸಿದಳು. ಕೆಂಡಗಣ್ಣ ಅದಕ್ಕೆ ಕತ್ತಲೆಗಣ್ಣು ಅಂತ ಹೆಸರಿಟ್ಟ.

"ಕೊನೇ ಮಾತು ಕೇಳೋ," ಅಂದೆ. "ಏನೇ ಕಂಡ್ರೂ ಅದು ಹಂದಿಯೇ ಅಂತ ಖಾತ್ರಿ ಆಗದೆ ಗುಂಡು ಹಾರಿಸ್ಬೇಡ!"

"ಆಗ್ಲಿ ಮೇಷ್ಟ್ರೇ!"

ಮೊದಲ ರಾತ್ರಿ ಹಂದಿಗಳು ಬಂದವು. ಪರದೆ ಮೇಲೆ ಬಿಳೀ ಕಣ್ಣುಗಳು ಹೊಳೆದವು. ಕೆಂಡಗಣ್ಣ ಬಂದೂಕು ಇಟ್ಟ, ಅಟ್ಟಣೆ ಇಳಿದ, ಬೆಂಕಿಕಡ್ಡಿ ಗೀರಿಕೊಂಡು ಹಿಂಡಿನೊಳಕ್ಕೇ ನಡೆದ. ಹಂದಿಗಳು ಕಂಗಾಲಾಗಿ ಜೋಳ ತುಳಿದುಕೊಂಡು ದಿಕ್ಕಾಪಾಲಾದವು.

"ಯಾಕೋ ಇಳಿದೆ?" ಅಂತ ಬೆಳಗ್ಗೆ ಕೇಳಿದೆ.

"ಖಾತ್ರಿ ಮಾಡ್ಕೊಳ್ಳೋಕೆ ಮೇಷ್ಟ್ರೇ! ಒಂಬತ್ತಿದ್ವು. ಒಂಬತ್ತೂ ಹಂದಿಯೇ, ಖಾತ್ರಿ!"

"ಅಯ್ಯೋ ಪೆದ್ದೇ! ಯಾರೇ ಬರ್ಲಿ, ಏನೇ ಬರ್ಲಿ, ಅಟ್ಟಣೆ ಬಿಟ್ಟು ಇಳೀಬೇಡ! ಮೇಲಿಂದಾನೇ ಕತ್ತಲೆಗಣ್ಣಿನ ಗಾಜಲ್ಲಿ ನೋಡು!"

"ಆಗ್ಲಿ ಮೇಷ್ಟ್ರೇ!"

ಮಾರನೇ ಬೆಳಗಿನ ಜಾವ ರಾಚಮ್ಮ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದಳು. "ಇಳಿದು ಬಾ ಮಗ" ಅಂದಳು. ಇಳಿಯಲಿಲ್ಲ. ತಲೆಯೆತ್ತಿ ನೋಡುತ್ತಾಳೆ, ಬಂದೂಕಿನ ನಳಿಗೆ ನೇರ ಅವಳ ಹಣೆಗಿದೆ! ಅದರ ಹಿಂದೆ ಮಗ ಗಾಜಿಗೆ ಕಣ್ಣಿಟ್ಟು ನಗುತ್ತಿದ್ದಾನೆ.

"ಅವ್ವಾ, ನೀನು ಹಂದಿಯಲ್ಲ! ಖಾತ್ರಿ!"

ರೊಟ್ಟಿ ಮಣ್ಣುಪಾಲಾಯಿತು. ರಾಚಮ್ಮ ಹೇಗೆ ನನ್ನ ಜಗಲಿ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಆ ದಿನವೇ ನಾನು ಆ ಸಾಧನವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕಿತ್ತು. ಜಡಿಯಲಿಲ್ಲ. ಸಾವಿರಾರು ಹುಡುಗರಿಗೆ ಪಾಠ ಮಾಡಿದವನಿಗೆ ಒಬ್ಬ ಕೆಂಡಗಣ್ಣನಿಗೆ ಹೇಳಿಕೊಡಲಾಗದೇ ಅಂತ ಹಟ. ಮತ್ತೆ ಬಾಯಿ ತೆರೆದೆ.

"ನಳಿಗೆ ಮನುಷ್ಯರ ಕಡೆ ತಿರುಗಿಸ್ತಾರೇನೋ! ಕತ್ತಲೆಗಣ್ಣನ್ನ ಬಿಚ್ಚಿ ಕೈಯಲ್ಲಿ ಹಿಡಿದು ನೋಡು. ಮೊದಲು ಗಾಜು. ಖಾತ್ರಿಯಾದ ಮೇಲೆ ಬಂದೂಕು!"

"ಆಗ್ಲಿ ಮೇಷ್ಟ್ರೇ!"

ಆ ರಾತ್ರಿ ಗಾಜೊಂದನ್ನೇ ಹಿಡಿದು ಹೋದ. ಹಂದಿ ಬಂದವು, ಖಾತ್ರಿಯಾಯಿತು. ಒಂದು ಕೂಗಳತೆ ದೂರದ ಮನೆಗೆ ಓಡಿ ಬಂದು ಬಾಗಿಲು ಬಡಿದ. "ಅವ್ವಾ, ಖಾತ್ರಿಯಾಯ್ತು! ಬಂದೂಕು ಕೊಡು!" ಆಗತಾನೆ ಕಣ್ಣು ಹತ್ತಿದ್ದ ರಾಚಮ್ಮ ಎದ್ದು, ದೀಪ ಹುಡುಕಿ, ಗೂಟದಿಂದ ಇಳಿಸಿ ಬಂದೂಕು ಕೊಡುವಷ್ಟರಲ್ಲಿ ಅರ್ಧ ಎಕರೆ ಹಂದಿಗಳ ಹೊಟ್ಟೆ ಸೇರಿತ್ತು.

"ನನ್ನ ಯಾಕೋ ಎಬ್ಬಿಸ್ದೆ ಮೂದೇವಿ! ಆಕಾಶ ಕಳಚಿ ಬಿದ್ರೂ ಬೆಳಗಾಗೋ ತನಕ ನಿನ್ನ ಬಾಯಿಂದ ಒಂದು ಸದ್ದು ಬರಬಾರ್ದು!" ಇದು ರಾಚಮ್ಮ.

"ಬಂದೂಕೂ ಅಟ್ಟಣೆ ಮೇಲೇ ಇರ್ಲಿ. ಇನ್ನು ನೀನು ಎಲ್ಲಿ ಎಡವ್ತೀಯ ಅಂತ ನಾನೇ ನೋಡ್ಬೇಕು. ಈ ಗುಂಡಿ ಒತ್ತಿದ್ರೆ ಕಂಡದ್ದೆಲ್ಲ ಚಿತ್ರವಾಗಿ ಒಳಗೆ ಉಳಿಯುತ್ತೆ. ಏನೇ ಕಂಡ್ರೂ ಬಿಡದೆ ಚಿತ್ರ ಹಿಡಿ. ಬೆಳಗ್ಗೆ ತಂದು ತೋರಿಸು!" ಇದು ನಾನು.

"ಆಗ್ಲಿ ಅವ್ವಾ! ಆಗ್ಲಿ ಮೇಷ್ಟ್ರೇ!"

ಬೆಳಗ್ಗೆ ತಂದ. ಮುಖ ಅರಳಿತ್ತು. "ಬಲು ಚೆನ್ನಾಗಿ ಬಂದದೆ ಮೇಷ್ಟ್ರೇ!" ನಾನೂ ಕಾಫಿ ಲೋಟ ಹಿಡಿದು ಖುಷಿಯಾಗಿಯೇ ಕೂತೆ. ಪರದೆಯ ಮೇಲೆ ಜೋಳ, ಗಾಳಿ, ಒಂದು ಮೊಲ. ಆಮೇಲೆ ಬದುವಿನ ಮೇಲೆ ಯಾರೋ ನಡೆದು ಬಂದರು. ರಾಚಮ್ಮ! ಮೂರು ಬೆಳೆಯ ರೂಢಿ, ಚಾಪೆ ಮೇಲೆ ನಿದ್ದೆ ಬಂದಿಲ್ಲ, ಎದ್ದು ಬಂದಿದ್ದಾಳೆ. ಕೈ ಬಾಯಿಗಿಟ್ಟು ಕೂಗಿದಳು, ಚಿತ್ರಕ್ಕೆ ದನಿಯಿಲ್ಲ. ನಾಲ್ಕು ಹೆಜ್ಜೆ ಇಟ್ಟಳು. ಆನೆ ತಡೆಯಲು ತೋಡಿ, ಈಗ ಮಣ್ಣು ತುಂಬಿ ಅರ್ಧ ಮುಚ್ಚಿದ್ದ ಕಂದಕದ ಅಂಚು ಕುಸಿಯಿತು. ಅವಳು ಕಾಣೆಯಾದಳು. ಅಂಚಿನಲ್ಲಿ ಒಂದು ಕೈ ಮೇಲೆದ್ದು ಬೀಸಿತು. ಬೀಸುತ್ತಲೇ ಇತ್ತು.

ಲೋಟ ಕೈಜಾರಿತು. "ಲೋ! ಇಳಿದು ಹೋಗ್ಲಿಲ್ವೇನೋ!"

"ಯಾರೇ ಬಂದ್ರೂ ಇಳೀಬೇಡ ಅಂದಿದ್ರಿ."

"ಕೂಗಿ ಯಾರನ್ನಾದ್ರೂ ಕರೀಲಿಲ್ವೇನೋ!"

"ಸದ್ದು ಬರಬಾರ್ದು ಅಂತ ಅವ್ವ ಅಂದಿತ್ತಲ್ಲ. ಚಿತ್ರ ಹಿಡಿದೆ ಮೇಷ್ಟ್ರೇ. ಒಂದು ಗಳಿಗೆನೂ ಬಿಟ್ಟಿಲ್ಲ." ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, "ಈಗ ಬೆಳಗಾಯ್ತಲ್ಲ, ಹೋಗ್ಲಾ?"

ಹೋದೆವು. ಓಡಿಕೊಂಡೇ ಹೋದೆವು. ಜೀವವಿತ್ತು, ಸೊಂಟ ಮುರಿದಿತ್ತು. ಹತ್ತು ದಿನ ಆಸ್ಪತ್ರೆ. ಆಮೇಲೆ ಮನೆಯಲ್ಲಿ ಮಂಚ, ಕದಲುವಂತಿಲ್ಲ. ಅಷ್ಟೂ ದಿನ ಕೆಂಡಗಣ್ಣ ತಾಯಿಯ ಪಕ್ಕ ಬಿಟ್ಟು ಏಳಲಿಲ್ಲ. ಹೊಲದಲ್ಲಿ ಹಂದಿಗಳಿಗೆ ಮದುವೆಯೂಟ. ಮನೆ ಕಡೆಯ ಮೂಲೆಯಲ್ಲಿ ಹತ್ತೇ ಹತ್ತು ಸಾಲು ಉಳಿದಿತ್ತು.

ನಾನು ಮಂಚದ ಪಕ್ಕ ಕೂತು, "ತಪ್ಪು ನಂದು ತಾಯಿ" ಅಂದೆ.

"ನಿಮ್ಮ ಮಾತು, ನನ್ನ ಮಾತು, ಎಲ್ಲ ಪಾಲಿಸ್ತು ಪಾಪ, ನನ್ನ ಮಗ," ಅಂದಳು ರಾಚಮ್ಮ. ಇದಕ್ಕಿಂತ ನನ್ನನ್ನು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಆಮೇಲೆ ಸೂರು ನೋಡುತ್ತ, "ಹೋಗ್ಲಿ ಬುಡಿ. ಆ ಹಂದಿಗಳು ನನ್ನ ಒಬ್ಬಳನ್ನ ಕಂಡ್ರೆ ಮಾತ್ರ ಹೆದರ್ತಿದ್ವು" ಅಂದಳು.

ಬಾಗಿಲ ಬಳಿ ನಿಂತಿದ್ದ ಕೆಂಡಗಣ್ಣ ಕೇಳಿಸಿಕೊಂಡ. ನಾನು ಅದನ್ನು ಗಮನಿಸಲಿಲ್ಲ. ಗಮನಿಸಬೇಕಿತ್ತು.

ಆ ರಾತ್ರಿ ಅವಳಿಗೆ ಜೊತೆಯಾಗಿ ನಾನೇ ಅಲ್ಲಿ ಮಲಗಿದ್ದೆ. ಕೆಂಡಗಣ್ಣ ಕಾಣಲಿಲ್ಲ. ಬಂದೂಕು ಗೂಟದಲ್ಲೇ ಇತ್ತು, ಕತ್ತಲೆಗಣ್ಣು ಇರಲಿಲ್ಲ. ಕಿಟಕಿಯಿಂದ ನೋಡಿದೆ. ಆ ಹತ್ತು ಸಾಲಿನ ಮುಂದೆ, ನೆಲಕ್ಕೆ ಹತ್ತಿರವಾಗಿ, ಜೋಳದ ಗರಿಗಳ ಮೇಲೆ ಬೆಂಕಿಪೊಟ್ಟಣದಷ್ಟು ಬೆಳಕು ಬಿದ್ದಿತ್ತು. ಅವನು ಮಂಡಿಯೂರಿ, ಪರದೆಯನ್ನು ಕಾಡಿನ ಕಡೆ ತಿರುಗಿಸಿ, ಹಂದಿಯ ಎತ್ತರಕ್ಕೆ ಹಿಡಿದು ಕೂತಿದ್ದ. ಪರದೆಯ ಮೇಲೆ ಏನು ಓಡುತ್ತಿತ್ತು ಅಂತ ನನಗೆ ಗೊತ್ತು. ರಾಚಮ್ಮ ಬದುವಿನ ಮೇಲೆ ನಡೆಯುತ್ತಾಳೆ, ಕೂಗುತ್ತಾಳೆ, ಜಾರುತ್ತಾಳೆ. ಮತ್ತೆ ಮೊದಲಿಂದ ನಡೆಯುತ್ತಾಳೆ.

ಜೋಳದ ದಂಟು ಮುರಿಯುವ ಸದ್ದು. ಗುರ್ ಗುರ್ ಅಂತ ಹಿಂಡು ಒಳಗೆ ನುಗ್ಗಿತು. ಮಂಚದ ಮೇಲಿದ್ದ ರಾಚಮ್ಮನಿಗೂ ಕೇಳಿಸಿತು. ಆ ನೋವಲ್ಲೂ ಮೊಣಕೈ ಊರಿ ತಲೆಯೆತ್ತಿ, ಹರಿದ ಗಂಟಲಲ್ಲಿ ಇದ್ದಬದ್ದ ಶಕ್ತಿಯೆಲ್ಲ ತಂದು ಕೂಗಿದಳು:

"ಹೋಯ್! ಹೋಯ್!"

ಹೊಲದಲ್ಲಿ ಸದ್ದು ಗಕ್ಕನೆ ನಿಂತಿತು. ಹಂದಿಗಳು ತಲೆಯೆತ್ತಿರಬೇಕು. ಇನ್ನೊಂದು ಕೂಗು ಸಾಕಿತ್ತು, ಆ ಹತ್ತು ಸಾಲು ಉಳಿಯುತ್ತಿತ್ತು. ಅಷ್ಟರಲ್ಲಿ ಕತ್ತಲೊಳಗಿಂದ ಕೆಂಡಗಣ್ಣನ ದನಿ ಬಂತು:

"ಸುಮ್ನಿರವ್ವಾ, ಕೂಗ್ಬೇಡ! ಓಡೋಗ್ತವೆ! ಅವಕ್ಕೆ ನಿನ್ನ ಇನ್ನೂ ತೋರಿಸಿಲ್ಲ!"