ಜೋಳದ ವ್ಯಾಪಾರಿ ಮಾಳಿಗೆ ಇಳಿಸಿದ್ದು

"ಅಜ್ಜಾರ, ಈ ವರ್ಷ ಯಾವ ವ್ರತ ಹಿಡೀಲ್ರಿ?" ಎಂದು ಮಠದ ಗುರುಗಳನ್ನು ನಿರ್ವಾಣಯ್ಯ ಕೇಳಿದ.

ಅವನು ಪ್ರತಿ ಯುಗಾದಿಗೂ ಒಂದು ಹೊಸ ವ್ರತ ಹಿಡಿಯುತ್ತಿದ್ದ. ಒಂದು ವರ್ಷ ಸಿಹಿ ಬಿಟ್ಟ. ಇನ್ನೊಂದು ವರ್ಷ ಚಪ್ಪಲಿ ಬಿಟ್ಟ. ಆಮೇಲೆ ಸೋಮವಾರದ ಮೌನ ಬಂತು, ಒಪ್ಪತ್ತಿನ ಊಟ ಬಂತು, ಬರಿನೆಲದ ನಿದ್ರೆ ಬಂತು. ಹಿಡಿದದ್ದನ್ನು ಒಂದನ್ನೂ ಬಿಟ್ಟವನಲ್ಲ. ಮಠದಲ್ಲಿ ಅವನಷ್ಟು ವ್ರತ ಹಿಡಿದವರು ಇರಲಿಲ್ಲ, ಅವನಷ್ಟು ಸಿಟ್ಟಿನವರೂ ಇರಲಿಲ್ಲ. ಅಂದು ಬೆಳಿಗ್ಗೆಯೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ದಾಸೋಹದ ಮುದುಕಿ ಬಸಲಿಂಗವ್ವನನ್ನು ಎಲ್ಲರೆದುರು ಅಳಿಸಿದ್ದ. ಅದರಿಂದ ಅವನಿಗೇ ನಾಚಿಕೆಯಾಗಿತ್ತು. ಇನ್ನೊಂದು ಗಟ್ಟಿ ವ್ರತ ಹಿಡಿದರೆ ಈ ಸಿಟ್ಟು ಅಡಗಬಹುದು ಎಂಬ ಆಸೆಯಿಂದ ಬಂದು ಕುಳಿತಿದ್ದ.

ಗುರುಗಳು ಅವನನ್ನು ನೋಡಿ ನಕ್ಕರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜೋಳದ ವ್ಯಾಪಾರಿಯಿದ್ದ. ಒಳ್ಳೆಯ ಮನುಷ್ಯ, ಧಾರಾಳ ಕೈ. ಬೇರೆಯವರು ಸೇರಿನ ಬಾಯಿ ಸವರಿ ಅಳೆದರೆ ಇವನು ಗೋಪುರ ಏಳುವ ಹಾಗೆ ತುಂಬಿ ಅಳೆಯುತ್ತಿದ್ದ. ಊಟಕ್ಕೆ ಕರೆದನೆಂದರೆ ಉಂಡವರು ಗೋಡೆ ಹಿಡಿದು ಏಳಬೇಕು. ಹೆಚ್ಚು ಹಾಕಿದರೆ ಕೆಡುವುದೇನು ಎಂಬುದೊಂದೇ ಅವನಿಗೆ ಗೊತ್ತಿದ್ದ ಶಾಸ್ತ್ರ. ಅದರಿಂದ ಅವನಿಗೆ ಒಳ್ಳೆಯ ಹೆಸರೂ ಬಂದಿತ್ತು. ಹೀಗಾಗಿ ಆ ಶಾಸ್ತ್ರದ ಮೇಲೆ ಅನುಮಾನ ಪಡುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

ಆ ಸೀಮೆಯ ಮನೆಗಳಿಗೆ ಹೆಂಚಿಲ್ಲ, ಹುಲ್ಲಿಲ್ಲ. ಎಲ್ಲವೂ ಮಣ್ಣಿನ ಮಾಳಿಗೆ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು, ಅದು ನೀರನ್ನು ಒಳಗೆ ಬಿಡುವುದಿಲ್ಲ. ಮುಂಗಾರಿನ ಮಿರಗದ ಮಳೆ ಬರುವ ಮುಂಚೆ ಪ್ರತಿ ಮನೆಯವರೂ ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಾರೆ. ಮೊದಲ ಬುಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಮನೆಯ ಹಿರಿಯನೇ ಹೊತ್ತು ಏರಬೇಕು. ಮಣ್ಣು ಹಾಕುವುದಕ್ಕೆ ಇಷ್ಟೆಲ್ಲ ಪದ್ಧತಿಯುಂಟು. ತೆಗೆಯುವುದಕ್ಕೆ ಒಂದೂ ಇಲ್ಲ. ಮಾಳಿಗೆಯ ಮಣ್ಣು ಇಳಿಸಿದ ಮನೆ ಎಂದರೆ ದಿಕ್ಕಿಲ್ಲದ ಮನೆ ಎಂದು ಅಲ್ಲಿಯ ಜನ ತಿಳಿದಿದ್ದರು.

ವ್ಯಾಪಾರಿಯ ಅಜ್ಜ ಹಾಕಿದ್ದ, ಅಪ್ಪ ಹಾಕಿದ್ದ, ಈಗ ಇವನು ಹಾಕುತ್ತಿದ್ದ. ಅದೂ ಇವನ ಕೈ ಎಂಥದೆಂದು ಹೇಳಿದೆನಲ್ಲ. ಓಣಿಯವರು ಒಂದು ಬುಟ್ಟಿ ಹಾಕುವ ಕಡೆ ಇವನದು ಎರಡು. ಊರಲ್ಲೆಲ್ಲ ಇವನ ಮಾಳಿಗೆಯೇ ದಪ್ಪ. ಬೀಗರು ಬಂದರೆ ಮೊದಲು ನಿಚ್ಚಣಿಕೆ ಹತ್ತಿಸಿ ಅದನ್ನು ತೋರಿಸಿ, ಆಮೇಲೆ ನೀರು ಕೊಡುತ್ತಿದ್ದ. ಆದರೂ ಮಾಳಿಗೆ ತೊಟ್ಟಿಕ್ಕುವುದು ನಿಲ್ಲಲಿಲ್ಲ. ಒಂದು ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಹನಿ ಬಿತ್ತು. ಮರುವರ್ಷ ಅಲ್ಲಿಗೆ ಮಣ್ಣು ಸುರಿದ. ಹನಿ ನಡುಮನೆಗೆ ಬಂತು. ಅಲ್ಲಿಗೂ ಸುರಿದ. ಹನಿ ಪಡಸಾಲೆಗೆ ಬಂತು. ಅವನ ಹೆಂಡತಿ ಹನಿ ಬಿದ್ದಲ್ಲೆಲ್ಲ ಪಾತ್ರೆಯಿಟ್ಟು ಇಟ್ಟು, ಮಳೆಗಾಲ ಬಂದರೆ ಅಡುಗೆಗೆ ಪಾತ್ರೆಯಿಲ್ಲ ಎನ್ನುವ ಹಾಗಾಗಿತ್ತು.

ಆ ವರ್ಷ ಅವರ ಒಬ್ಬಳೇ ಮಗಳು ಕಾಶವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಡುಮನೆಯ ಮಧ್ಯದಲ್ಲಿ ಅವಳಿಗೆ ಮಲಗಲು ಹೊರಸು ಹಾಕಿಸಿದ. ತುಪ್ಪ ತರಿಸಿದ, ಬೆಲ್ಲ ತರಿಸಿದ, ಕೊಬ್ಬರಿ ತರಿಸಿದ. ಬಾಣಂತಿಯ ಮೇಲೆ, ಹಸುಗೂಸಿನ ಮೇಲೆ ಒಂದು ಹನಿ ಬೀಳಬಾರದು ಎಂದು ಸವಳು ಮಣ್ಣನ್ನೂ ಗಾಡಿಗಟ್ಟಲೆ ತರಿಸಿ ಬಾಗಿಲ ಮುಂದೆ ಗುಡ್ಡೆ ಹಾಕಿಸಿದ. ಪಡುವಣದಲ್ಲಿ ಮೋಡ ಕಾಣಿಸಿಕೊಂಡ ದಿನ ಅವನೇ ಮೊದಲ ಬುಟ್ಟಿ ಹೊತ್ತು ಮಾಳಿಗೆ ಏರಿದ. ನಡುಮನೆಯ ಮೇಲೆ ಹೋಗಿ ಅದನ್ನು ಸುರಿದ. ಕೆಳಗೆ ತೊಲೆ ನರಳಿತು.

ಕಾಶವ್ವನ ಮುಖದ ಮೇಲೆ ಧೂಳು ಉದುರಿತು. ಅವಳು ಕಣ್ಣೊರೆಸಿಕೊಂಡು ಮೇಲೆ ನೋಡಿದಳು. ತೊಲೆಯ ನಡು ಕೆಳಗೆ ಬಾಗಿತ್ತು. ವ್ಯಾಪಾರಿ ಮಗಳಿಗೇನಾಯಿತೋ ಎಂದು ಎದ್ದುಬಿದ್ದು ಇಳಿದು ಬಂದ.

"ಅಪ್ಪಾ, ಈ ತೊಲಿನೂ ನನ್ನಂಗ ಹೊತ್ಕೊಂಡು ನಿಂತೈತಿ ನೋಡು. ನನಗರ ಇಳಿಯೋ ದಿನ ಹತ್ರ ಬಂತು. ಪಾಪ, ಇದಕ್ಕ ಯಾವತ್ತು?" ಎಂದು ಅವಳು ಕೇಳಿದಳು.

ಅವಳು ನಗುತ್ತಲೇ ಹೇಳಿದ್ದಳು. ವ್ಯಾಪಾರಿಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ಅವನು ಆ ತೊಲೆಯ ಕೆಳಗೇ ಉಂಡಿದ್ದ, ಮಲಗಿದ್ದ. ಅಂದು ಮೊದಲ ಸಲ ಅದನ್ನು ನೋಡಿದ. ನಡುವಿನಲ್ಲಿ ಸೀಳು ಬಿಟ್ಟಿತ್ತು. ಸೀಳಿನ ನೇರ ಕೆಳಗೆ ಮಗಳ ಹೊರಸಿತ್ತು. ಹೊರಸನ್ನು ಅಲ್ಲಿ ಹಾಕಿಸಿದವನು ಅವನೇ, ಅದರ ಮೇಲೆ ಮಣ್ಣು ಸುರಿದವನೂ ಅವನೇ. ಮಗಳನ್ನು ಕೈಹಿಡಿದು ಎಬ್ಬಿಸಿ ಎದುರುಮನೆಗೆ ಕರೆದೊಯ್ದು ಕೂರಿಸಿದ. ತೊಲೆಗೆ ಎರಡೂ ಕಡೆ ಆಸರೆಯಾಗಿ ಊರುಗಂಬ ಕೊಡಿಸಿದ. ಆಮೇಲೆ ಬುಟ್ಟಿ ಬಿಟ್ಟು ಗುದ್ದಲಿ ಹಿಡಿದು ಮಾಳಿಗೆ ಏರಿದ.

ಮೊದಲ ಹೆಂಟೆ ಬೀದಿಗೆ ಬಿದ್ದ ಸದ್ದಿಗೆ ಓಣಿಯೇ ಹೊರಗೆ ಬಂತು. ಮಳೆ ಹೊಸ್ತಿಲಿಗೆ ಬಂದು ನಿಂತಿರುವಾಗ ಮಾಳಿಗೆ ಬಿಚ್ಚುವ ಹುಚ್ಚನನ್ನು ಅವರು ಕಂಡಿರಲಿಲ್ಲ. ಇವನಿಗೆ ತಲೆ ಕೆಟ್ಟಿತು ಎಂದರು ಕೆಲವರು. ಅವನ ಹೆಂಡತಿ ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕುಳಿತಳು. ಎದುರುಮನೆಯ ಹಿರಿಯ ಕೋಲು ಊರಿಕೊಂಡು ಬಂದು ಕೆಳಗಿನಿಂದ ಕೂಗಿದ.

"ಏ ತಮ್ಮಾ, ಹಿರ್‍ಯಾರು ಹಾಕಿದ ಮಣ್ಣಿಗೆ ಗುದ್ದಲಿ ಹಚ್ಚತೀಯಲ್ಲೋ! ಇದ್ದ ಮನಿ ಹಾಳ ಮಾಡತೀಯೇನು?"

"ಕಾಕಾ, ಹಿರ್‍ಯಾರಾದ್ರ ಮ್ಯಾಲಿಂದ ನೋಡ್ಕೊಂಡಾರು. ನನ್ನ ಮಗಳು ಕೆಳಗ ಮಲಗಬೇಕ್ರಿ!" ಎಂದ ವ್ಯಾಪಾರಿ. ಗುದ್ದಲಿ ನಿಲ್ಲಿಸಲಿಲ್ಲ.

ಆ ಮಾತು ಕೇಳಿ ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣ್ಣುಮಕ್ಕಳನ್ನು ಹೆತ್ತವರು ಅಲ್ಲಿ ಬಹಳ ಮಂದಿಯಿದ್ದರು. ಒಬ್ಬ ಧೋತರ ಮೇಲಕ್ಕೆ ಕಟ್ಟಿ ನಿಚ್ಚಣಿಕೆ ಹತ್ತಿದ. ಅವನ ಹಿಂದೆ ಇನ್ನೊಬ್ಬ. ಅವರ ಮನೆಗಳಲ್ಲೂ ತೊಲೆಗಳು ಬಾಗಿದ್ದವು, ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟೊತ್ತಿಗೆ ಮೇಲೆ ಸಾಲು ನಿಂತಿತು, ಕೆಳಗೆ ಸಾಲು ನಿಂತಿತು, ಬುಟ್ಟಿಗಳು ಕೈಯಿಂದ ಕೈಗೆ ಓಡಿದವು. ಹಾಕುವಾಗ ಇರದಿದ್ದ ಹುರುಪು ಇಳಿಸುವಾಗ ಬಂತು. ಒಬ್ಬ ಕೂಗು ಹಾಕಿದರೆ ಹತ್ತು ಜನ ಓಗೊಡುತ್ತಿದ್ದರು. ಹೆಂಗಸರು ಮಜ್ಜಿಗೆಯ ಗಡಿಗೆ ತಂದಿಟ್ಟರು. ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದ ವ್ಯಾಪಾರಿಯ ಹೆಂಡತಿಯೂ ಯಾವಾಗಲೋ ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತಿದ್ದಳು.

ಮಣ್ಣು ಪದರ ಪದರವಾಗಿ ಎದ್ದಿತು. ಇವನು ಹಾಕಿದ್ದು ಬೂದಿಯ ಬಣ್ಣ, ಅದರ ಕೆಳಗೆ ಅಪ್ಪ ಹಾಕಿದ್ದು ಕಂದು. ಪ್ರತಿ ಪದರ ಎದ್ದಾಗಲೂ ವ್ಯಾಪಾರಿಯ ಜೀವ ಒಮ್ಮೆ ಹಿಂಡುತ್ತಿತ್ತು, ಹಿಂದೆಯೇ ಹಗುರಾಗುತ್ತಿತ್ತು. ಊರುಗಂಬದ ಹತ್ತಿರ ನಿಂತವನೊಬ್ಬ ಒಳಗಿನಿಂದ ಕೂಗಿದ, ತೊಲೆ ಏಳುತ್ತಿದೆ ಎಂದು. ನಿಜ, ಬಾಗಿದ ತೊಲೆ ಬೆರಳಿನಷ್ಟು ಮೇಲೆ ಬಂದಿತ್ತು. ಮಾಳಿಗೆಯ ಮೇಲಿದ್ದವರೆಲ್ಲ ಗುದ್ದಲಿ ಎತ್ತಿ ಹೋ ಎಂದರು.

ಅಷ್ಟರಲ್ಲಿ ಅಂಚಿನಲ್ಲಿ ಅಗೆಯುತ್ತಿದ್ದವನ ಗುದ್ದಲಿ ಕಲ್ಲಿಗೆ ತಾಗಿ ಠಣ್ ಎಂದಿತು. ಮಣ್ಣು ಕೆದರಿದರು. ಕೈಯಿಂದ ಬಳಿದರು. ಅಲ್ಲಿ ಮಾಳಿಗೆಯ ನೀರು ಹೊರಗೆ ಬೀಳಲೆಂದು ಕೂರಿಸಿದ ಕಲ್ಲಿನ ದೋಣಿಯಿತ್ತು. ಅದರ ಹೊರತುದಿ ಬೀದಿಯ ಗೋಡೆಯಿಂದ ಹಸುವಿನ ಮೂತಿಯಂತೆ ಚಾಚಿಕೊಂಡಿತ್ತು. ಆ ಮೂತಿ ಎಲ್ಲರಿಗೂ ಗೊತ್ತು. ವರ್ಷ ವರ್ಷ ಅದಕ್ಕೆ ಸುಣ್ಣ ಬಳಿದು, ಹಬ್ಬಕ್ಕೆ ಕುಂಕುಮ ಹಚ್ಚಿ, ಹಿರಿಯರ ಕಲ್ಲು ಎಂದು ಕೈಮುಗಿಯುತ್ತಿದ್ದರು. ಸುಣ್ಣದಿಂದಲೇ ಅದರ ಬಾಯಿ ಮುಚ್ಚಿಹೋಗಿತ್ತು. ಅದು ಏತಕ್ಕೆಂದು ಯಾರೂ ಕೇಳಿರಲಿಲ್ಲ.

ವ್ಯಾಪಾರಿ ಮೊಣಕಾಲೂರಿ ಕುಳಿತು ಆ ದೋಣಿಯೊಳಗೆ ಕೈಯಾಡಿಸಿದ. ಮನೆ ಕಟ್ಟಿದ ಅಜ್ಜ ಮಳೆಗೆ ಹಾದಿ ಮಾಡಿಟ್ಟಿದ್ದ. ಮಗ ಮೊಮ್ಮಗ ಸೇರಿ ಅಜ್ಜನ ಹೆಸರಿನಲ್ಲೇ ಆ ಹಾದಿ ಹೂತಿದ್ದರು. ಹೋಗಲು ದಾರಿಯಿಲ್ಲದ ನೀರು ಮಾಳಿಗೆಯ ಮೇಲೇ ನಿಂತು, ಮನೆಯೊಳಗೆ ಬಂದಿತ್ತು. ಅವನಿಗೆ ಅಳುವೂ ಬಂತು, ನಗುವೂ ಬಂತು. ದೋಣಿ ಸಿಕ್ಕಿತು, ದೋಣಿ ಸಿಕ್ಕಿತು ಎಂದು ಮಾಳಿಗೆಯ ಮೇಲೆ ಕುಣಿದೇಬಿಟ್ಟ. ಕೆಳಗಿದ್ದ ಹಿರಿಯ ತನ್ನ ಕೋಲಿನಿಂದಲೇ ಕಲ್ಲಿನ ಬಾಯಿಗೆ ಮೆತ್ತಿದ್ದ ಸುಣ್ಣವನ್ನು ಕುಟ್ಟಿ ಉದುರಿಸಿದ.

ಸಂಜೆಗೆ ಹಳೆಯ ಸೊಪ್ಪೆಲ್ಲ ಪುಡಿಪುಡಿಯಾಗಿ ಇಳಿದು, ನಡುಮನೆಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು. ಮೋಡ ದಟ್ಟವಾಗುತ್ತಿತ್ತು. ಮರುದಿನ ಕೋಳಿ ಕೂಗುವ ಹೊತ್ತಿಗೆ ಜನ ಮತ್ತೆ ಸೇರಿದರು. ಸೀಳಿದ ತೊಲೆ ತೆಗೆದು ಹೊಸ ತೊಲೆ ಏರಿಸಿದರು. ಜಂತೆ ಜೋಡಿಸಿದರು. ಹಸಿ ಸೊಪ್ಪು ಹಾಸಿದರು, ಮಣ್ಣು ಮೆತ್ತಿದರು. ಅದರ ಮೇಲೆ ಸವಳು ಮಣ್ಣು ಹರಡಿ, ದೋಣಿಯ ಕಡೆಗೆ ಇಳಿಜಾರು ಬಿಟ್ಟು, ಹೆಂಗಸರು ಹಾಡು ಹೇಳುತ್ತ ಹಲಗೆಯಿಂದ ಬಡಿದರು. ಗೇಣು ದಪ್ಪದ ಮಾಳಿಗೆ. ಅದಕ್ಕಿಂತ ಹೆಚ್ಚಿಲ್ಲ. ಪಡುವಣ ಗಾಳಿಯಲ್ಲಿ ಮಳೆಯ ವಾಸನೆ ಬಂತು. ಎದುರುಮನೆಯಲ್ಲಿ ಕಾಶವ್ವನಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು. ಮೊದಲ ಕೂಸು ತನ್ನ ತವರಿನಲ್ಲೇ ಹುಟ್ಟಬೇಕು ಎಂದು ಕಾಶವ್ವ ಹಟ ಹಿಡಿದಳು. ಹೆಂಗಸರು ಅವಳನ್ನು ಎರಡೂ ಕಡೆ ಹಿಡಿದುಕೊಂಡು ಬೀದಿ ದಾಟಿಸಿ, ಹೊಸ ತೊಲೆಯ ಕೆಳಗೆ ಮಲಗಿಸಿದರು.

ಮಾಳಿಗೆ ಮುಗಿದಿತ್ತು. ಜನ ಇಳಿಯುತ್ತಿದ್ದರು. ಬಾಗಿಲ ಮುಂದೆ ಇನ್ನೂ ಸವಳು ಮಣ್ಣು ಉಳಿದಿತ್ತು. ವ್ಯಾಪಾರಿ ಅದನ್ನು ನೋಡಿದ. ಒಳಗಿನಿಂದ ಮಗಳ ನರಳಾಟ ಕೇಳುತ್ತಿತ್ತು. ತಲೆಯ ಮೇಲೆ ಕಪ್ಪು ಮೋಡ. ಗೇಣು ಮಣ್ಣು ಸಾಕಾದೀತೇ ಎಂದು ಭಯವಾಯಿತು. ಅವನು ಓಡಿಹೋಗಿ ಒಂದು ಬುಟ್ಟಿ ತುಂಬಿದ. ಗೋಪುರ ಏಳುವ ಹಾಗೆಯೇ ತುಂಬಿದ. ಹೊತ್ತು ಮಾಳಿಗೆ ಏರಿದ. ಮಗಳು ಮಲಗಿದ್ದ ಜಾಗದ ಮೇಲೆ ಹೋಗಿ ನಿಂತ. ಸುರಿಯಲೆಂದು ಬುಟ್ಟಿ ಬಗ್ಗಿಸಿದ.

ಆಗ ಅವನಿಗೆ ತನ್ನ ಕಾಲ ಕೆಳಗಿನ ತೊಲೆ ನೆನಪಾಯಿತು. ಬಗ್ಗಿಸಿದ ಬುಟ್ಟಿಯನ್ನು ಹಾಗೇ ತಡೆದು ಹಿಡಿದ. ಹಾಕಿದರೆ ಮನಸ್ಸಿಗೆ ಸಮಾಧಾನ, ಹಾಕದೆ ನಿಂತರೆ ಜೀವ ಬಾಯಿಗೆ ಬರುತ್ತದೆ. ಅಂಥ ಕಷ್ಟದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಮಳೆಯ ಮೊದಲ ಹನಿ ಅವನ ಹಣೆಗೆ ಬಿತ್ತು. ವ್ಯಾಪಾರಿ ಅಂಚಿಗೆ ಬಂದು, ಬುಟ್ಟಿಸಮೇತ ಆ ಮಣ್ಣನ್ನು ಬೀದಿಗೆ ಎಸೆದ.

ಮಳೆ ಧೋ ಎಂದು ಸುರಿಯಿತು. ಓಣಿಯವರು ಯಾರೂ ಮನೆಗೆ ಹೋಗಲಿಲ್ಲ. ಗೋಡೆಯ ಮೇಲಿನ ಕಲ್ಲಿನ ಮೂತಿಯನ್ನೇ ನೋಡುತ್ತ ನೆನೆಯುತ್ತ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಲ್ಲು ಗೊಳಗೊಳ ಎಂದಿತು, ಕೆಸರು ಉಗುಳಿತು, ಹಿಂದೆಯೇ ತೋಳು ದಪ್ಪದ ನೀರು ಬೀದಿಗೆ ಹಾರಿತು. ಒಳಗೆ ಹೆಂಗಸರು ಮೇಲೆ ನೋಡಿದರು. ಒಂದು ಹನಿಯೂ ಇರಲಿಲ್ಲ. ಆ ಗದ್ದಲದ ನಡುವೆಯೇ ಕೂಸಿನ ಅಳು ಕೇಳಿಸಿತು. ವ್ಯಾಪಾರಿ ದೋಣಿಯ ನೀರಿನ ಕೆಳಗೆ ತಲೆಯೊಡ್ಡಿ ನಿಂತು, ಸಿಕ್ಕಿದವರನ್ನೆಲ್ಲ ತಬ್ಬಿಕೊಂಡು ಹಸುಗೂಸಿನ ಹಾಗೆ ಅತ್ತ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ನಿರ್ವಾಣಯ್ಯ ಕುಳಿತಲ್ಲಿಂದ ಎದ್ದೇಬಿಟ್ಟಿದ್ದ. ಅವನ ಕಣ್ಣುಗಳು ಹೊಳೆಯುತ್ತಿದ್ದವು, ಮೈ ಬಿಸಿಯಾಗಿತ್ತು. ಇಷ್ಟು ವರ್ಷ ಹುಡುಕುತ್ತಿದ್ದುದು ಸಿಕ್ಕಿತೆಂಬ ಸಂತೋಷಕ್ಕೆ ಮಾತು ತಡವರಿಸುತ್ತಿತ್ತು.

"ತಿಳೀತ್ರಿ ಅಜ್ಜಾರ, ಪೂರಾ ತಿಳೀತು! ಇವತ್ತಿನಿಂದ ದಿನಾ ನಸುಕಿನ್ಯಾಗ ಎದ್ದು, ತಣ್ಣೀರು ಜಳಕ ಮಾಡಿ, ಈ ಕತಿ ಒಮ್ಮೆ ಪೂರಾ ಹೇಳ್ಕೊಂಡೇ ಬಾಯಿಗೆ ನೀರು ಹಾಕ್ತೀನ್ರಿ. ಇದೇ ನನ್ನ ಈ ವರ್ಷದ ವ್ರತ!"

ಗುರುಗಳು ಮೆಲ್ಲಗೆ ಅಂದರು:

"ಸುರುವಿದ್ಯಲ್ಲೋ ತಮ್ಮಾ, ಇನ್ನೊಂದು ಬುಟ್ಟಿ."